ಚುನಾವಣಾ ಅಪರಾಧವೂ ಸಾಕ್ಷ್ಯದ ತೊಡಕೂ: ತುಮಕೂರು ಗ್ರಾಮಾಂತರ ತೀರ್ಪಿನ ಒಂದು ವಿಮರ್ಶೆ

ಚುನಾವಣೆಯ ಲಂಚವನ್ನು ಕುರಿತು ನಮ್ಮಲ್ಲಿ ಮಾತಿಗೆ ಕೊರತೆಯಿಲ್ಲ. ಕೊರತೆಯಿರುವುದು ರುಜುವಾತಾದ ಪ್ರಕರಣಗಳಿಗೆ. ಆದುದರಿಂದಲೇ 2023ರ ಮಾರ್ಚ್ 30ರಂದು ಕರ್ನಾಟಕದ ಹೈಕೋರ್ಟು ತುಮಕೂರು ಗ್ರಾಮಾಂತರ ಕ್ಷೇತ್ರದ ವಿಷಯದಲ್ಲಿ ನೀಡಿದ ತೀರ್ಪು ಚರಿತ್ರೆಯ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು. 2018ರಲ್ಲಿ ಗೆದ್ದಿದ್ದ ಜಾತ್ಯತೀತ ಜನತಾದಳದ ಶ್ರೀ ಡಿ. ಸಿ. ಗೌರಿಶಂಕರ್ ಅವರ ಆಯ್ಕೆಯನ್ನು, ಸೋತ ಅಭ್ಯರ್ಥಿಯಾದ ಭಾರತೀಯ ಜನತಾ ಪಕ್ಷದ ಶ್ರೀ ಬಿ. ಸುರೇಶ್ ಗೌಡರು ಪ್ರಶ್ನಿಸಿದ್ದರು. ಮತದಾರರ ಮಕ್ಕಳ ಹೆಸರಿನಲ್ಲಿ ನಕಲಿ ವಿಮಾ ಬಾಂಡುಗಳನ್ನು ಹಂಚಿದುದು ಭ್ರಷ್ಟಾಚರಣೆಯೆಂದು ನ್ಯಾಯಾಲಯವು ನಿರ್ಣಯಿಸಿ ಆಯ್ಕೆಯನ್ನು ರದ್ದುಗೊಳಿಸಿತು.

ಇಲ್ಲಿ ಆರೋಪವು ರುಜುವಾತಾದುದೇಕೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಮುಖ್ಯ ಕಾರಣವೊಂದೇ: ಆಮಿಷವು ಕಾಗದದ ರೂಪವನ್ನು ತಾಳಿತ್ತು. ಬಾಂಡಿನ ಮೇಲೆ ಹೆಸರಿರುತ್ತದೆ. ಅದು ಮನೆಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ರೊಕ್ಕವಾದರೋ ಕೈಯಿಂದ ಕೈಗೆ ಹೋಗಿ ಕಣ್ಮರೆಯಾಗುತ್ತದೆ. ದಾಖಲೆಯುಳ್ಳ ಲಂಚ ಅಪರೂಪ, ದಾಖಲೆಯಿಲ್ಲದ್ದೇ ಸಾಮಾನ್ಯ. ಹೀಗಿರಲಾಗಿ ಈ ತೀರ್ಪನ್ನು ಕಾನೂನಿನ ಬಲಕ್ಕೆ ನಿದರ್ಶನವೆಂದು ಹೊಗಳುವುದು ಅವಸರದ ಮಾತಾದೀತು.

ಕಾಲದ ಲೆಕ್ಕವನ್ನೂ ನೋಡಬೇಕು. ಇಂಥ ಅರ್ಜಿಗಳನ್ನು ಆರು ತಿಂಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯೇ ಹೇಳುತ್ತದೆ. ಮೊದಲಿದ್ದ ಚುನಾವಣಾ ನ್ಯಾಯಮಂಡಲಿಗಳನ್ನು 1966ರಲ್ಲಿ ತೆಗೆದು ಹೈಕೋರ್ಟಿಗೆ ಅಧಿಕಾರ ಕೊಟ್ಟರು. ಆದರೂ 2018ರ ಮೇ ತಿಂಗಳಿನ ಆಯ್ಕೆ ರದ್ದಾದುದು, ಮುಂದಿನ ಚುನಾವಣೆಯ ವೇಳಾಪಟ್ಟಿ ಪ್ರಕಟವಾದ ಮರುದಿನ! ಅನರ್ಹ ಆಯ್ಕೆಯ ಫಲವನ್ನು ಅಷ್ಟರಲ್ಲಿ ಪೂರ್ತಿಯಾಗಿ ಉಂಡಾಗಿತ್ತು.

ಇದು ಸೋತವನು ಹೂಡುವ ಅರ್ಜಿಯ ದಾರಿ. ಪೊಲೀಸರ ದಾರಿ ಇನ್ನೂ ದುರ್ಗಮ. ಚುನಾವಣಾ ಅಪರಾಧಗಳ ಅಧ್ಯಾಯವು ದಂಡ ಸಂಹಿತೆಗೆ ಸೇರಿದುದು 1920ರಲ್ಲಿ, ಬ್ರಿಟಿಷರ ಕಾಲದಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯು ಕೆಲವು ಜುಲ್ಮಾನೆಗಳನ್ನು ಹೆಚ್ಚಿಸಿತೇ ಹೊರತು ಲಂಚದ ಶಿಕ್ಷೆಯನ್ನು ಹಿಂದಿನಂತೆ ಒಂದು ವರ್ಷಕ್ಕೇ ನಿಲ್ಲಿಸಿತು. ಶಿಕ್ಷೆ ಕಿರಿದಾದುದರಿಂದ ಪೊಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡುವಂತಿಲ್ಲ. ಆ ಅಪ್ಪಣೆಯನ್ನು ಕಾರಣ ಬರೆಯದೆ ‘ಅನುಮತಿಸಿದೆ’ ಎಂಬ ಒಂದೇ ಮಾತಿನಲ್ಲಿ ಕೊಟ್ಟುದರಿಂದ ಹೈಕೋರ್ಟಿನಲ್ಲಿ ಬಿದ್ದುಹೋದ ಮೊಕದ್ದಮೆಗಳುಂಟು. ಮೇಲಾಗಿ ಲಂಚ ಕೊಟ್ಟವನಂತೆ ತೆಗೆದುಕೊಂಡವನೂ ಅಪರಾಧಿ. ಸಾಕ್ಷಿ ಹೇಳಬೇಕಾದವನು ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳಬೇಕು. ಅದೂ ನಾಳೆ ಅದೇ ಊರಿನಲ್ಲಿ ಬಾಳಬೇಕಾದವನು.

ನಮ್ಮ ಜಿಲ್ಲೆಯ ಉತ್ತರ ಭಾಗಕ್ಕೆ ಇನ್ನೊಂದು ತೊಡಕುಂಟು. ಕೊಡಿಗೇನಹಳ್ಳಿ ಮಧುಗಿರಿಯಿಂದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿದೆ. ಪಾವಗಡವಂತೂ ಮೂರು ಕಡೆ ಆಂಧ್ರದಿಂದ ಆವೃತವಾಗಿದೆ. ಕರ್ನಾಟಕದ ವಿಧಾನಸಭೆಗೆ 2018 ಮತ್ತು 2023ರಲ್ಲಿ ಚುನಾವಣೆ ನಡೆದರೆ ಆಂಧ್ರಕ್ಕೆ 2019 ಮತ್ತು 2024ರಲ್ಲಿ. ಅಂದರೆ ಇಲ್ಲಿ ನೀತಿಸಂಹಿತೆ ಜಾರಿಯಲ್ಲಿರುವಾಗ ಕೆಲವು ಮೈಲಿಯಾಚೆ ಅದರ ಸುಳಿವೇ ಇಲ್ಲ. ಸಂತೆ, ನೆಂಟಸ್ತಿಕೆ, ವ್ಯಾಪಾರ ಎಲ್ಲವೂ ಗಡಿಯನ್ನು ದಾಟುವ ಸೀಮೆಯಲ್ಲಿ ತಪಾಸಣಾ ಠಾಣೆಯು ಹಣವನ್ನು ಹಿಡಿಯಬಹುದು. ಆದರೆ ಆ ಹಣವು ಯಾವ ಅಭ್ಯರ್ಥಿಯದು, ಯಾವ ಮತದಾರನಿಗೆ ಉದ್ದೇಶಿಸಿದುದು ಎಂಬುದನ್ನು ಹಣವೇ ಹೇಳಲಾರದು. ಜಫ್ತಿಯ ಮೊತ್ತವನ್ನು ತನಿಖೆಯ ಯಶಸ್ಸೆಂದು ಪ್ರಕಟಿಸುವ ರೂಢಿಯನ್ನು ನಾವು ಒಪ್ಪಲಾರೆವು.

ದಾಖಲೆಯ ಮಹತ್ವವನ್ನು ಮೇಲೆ ಹೇಳಿದೆವು. ಚುನಾವಣಾ ಆಯೋಗವು 2025ರ ಮೇ 30ರಂದು ಹೊರಡಿಸಿದ ಸೂಚನೆಯೊಂದರ ಪ್ರಕಾರ, ಅರ್ಜಿ ಹೂಡದಿದ್ದಲ್ಲಿ ಚುನಾವಣೆಯ ವಿಡಿಯೋ ಚಿತ್ರಗಳನ್ನು ಫಲಿತಾಂಶವಾದ 45 ದಿನಗಳ ಮೇಲೆ ನಾಶಪಡಿಸಬಹುದು. ಈ ಅವಧಿಯನ್ನು ಆರಿಸಿದುದು ಚುನಾವಣಾ ಅರ್ಜಿಯ ಗಡುವಿಗೆ ಸರಿಯಾಗಿ. ಆದರೆ ಲಂಚ, ಸೋಗಿನ ಮತದಾನಗಳಂಥ ಅಪರಾಧಗಳನ್ನು ನ್ಯಾಯಾಲಯವು ವಿಚಾರಣೆಗೆ ಅಂಗೀಕರಿಸಲು ಕಾನೂನು ಕೊಟ್ಟಿರುವ ಕಾಲ ಒಂದು ವರ್ಷ. ಉಳಿದ ಹತ್ತು ತಿಂಗಳಿಗೂ ಮಿಕ್ಕ ಕಾಲದಲ್ಲಿ ಮೊಕದ್ದಮೆ ಹೂಡುವ ಅಧಿಕಾರಿಯು ಮತಗಟ್ಟೆಯ ಚಿತ್ರವಿಲ್ಲದೆಯೇ ಹೂಡಬೇಕು.