ಚಿಕಿತ್ಸೆಯೆಂಬ ಹೆಸರಿನ ಪ್ರಯೋಗ

ಹಾಳಾದ ಅಂಗವನ್ನು ಸಜೀವ ಕೋಶಗಳಿಂದ ಮರಳಿ ಕಟ್ಟಬಹುದೆಂಬ ಪುನರುತ್ಪಾದಕ ವೈದ್ಯದ ಆಶೆ ಹುಸಿಯಲ್ಲ. ಅಸ್ಥಿಮಜ್ಜೆಯ ಕಸಿಯಿಂದ ಅನೇಕ ರಕ್ತರೋಗಿಗಳು ಬದುಕಿ ಉಳಿದಿರುವುದೇ ಇದಕ್ಕೆ ಸಾಕ್ಷಿ. ಆದರೆ ಆಶೆಯನ್ನೇ ಸಿದ್ಧಿಯೆಂದು ಬರೆದರೆ ಏನಾದೀತೆಂಬುದನ್ನು ಕಾಣಲು, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2011ರ ನವೆಂಬರಿನಲ್ಲಿ ಪ್ರಕಟವಾದ ವರದಿಯೊಂದನ್ನು ಪ್ರಕೃತ ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

ಆ ವರ್ಷದ ಜೂನಿನಲ್ಲಿ ಸ್ಟಾಕ್‌ಹೋಮಿನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವೊಲೊ ಮಕಿಯಾರಿನಿ ಎಂಬ ಶಸ್ತ್ರವೈದ್ಯರು, ಗಡ್ಡೆ ಬೆಳೆದಿದ್ದ ಶ್ವಾಸನಾಳವನ್ನು ತೆಗೆದು, ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನು ಬಿತ್ತಿದ ಪ್ಲಾಸ್ಟಿಕ್ ನಾಳವನ್ನು ಆ ಸ್ಥಾನದಲ್ಲಿ ಕೂಡಿಸಿದರು. ಐದು ತಿಂಗಳ ತರುವಾಯ ಶ್ವಾಸಮಾರ್ಗವು ಬಹುಮಟ್ಟಿಗೆ ಸಹಜವಾಗಿದೆಯೆಂದು ವರದಿ ಹೇಳಿತು. ರೋಗಿ 2014ರ ಜನವರಿಯಲ್ಲಿ ಮೃತನಾದನು. ಅದೇ ಆಸ್ಪತ್ರೆಯಲ್ಲಿ ಇಂಥ ನಾಳವನ್ನು ಪಡೆದ ಇನ್ನಿಬ್ಬರೂ ಉಳಿಯಲಿಲ್ಲ.

ಹೊಸ ಶಸ್ತ್ರಕ್ರಿಯೆ ಸೋಲುವುದು ಅಪರಾಧವಲ್ಲ. ನಮ್ಮ ಆಕ್ಷೇಪ ಬೇರೆ. ಒಂದೇ ಕೃತ್ಯಕ್ಕೆ ಇಲ್ಲಿ ಎರಡು ಹೆಸರುಗಳಿವೆ. ನೀತಿಪರಿಶೀಲನೆಯ ಅನುಮತಿ ಏಕಿಲ್ಲವೆಂದು ಕೇಳಿದವರಿಗೆ, ಇದು ಪ್ರಾಣಾಪಾಯದಲ್ಲಿದ್ದವನಿಗೆ ಮಾಡಿದ ಚಿಕಿತ್ಸೆ ಎಂಬ ಉತ್ತರ. ಪತ್ರಿಕೆಯ ಓದುಗರಿಗೆ ಅದೇ ಒಂದು ಹೊಸ ತತ್ತ್ವವನ್ನು ಸ್ಥಾಪಿಸುವ ಸಂಶೋಧನೆ. ಚಿಕಿತ್ಸೆಯಾಗಿದ್ದರೆ ಅದಕ್ಕೆ ಅನುಭವದ ಆಧಾರ ಬೇಕಿತ್ತು. ಪ್ರಯೋಗವಾಗಿದ್ದರೆ ಮೊದಲು ಪ್ರಾಣಿಗಳಲ್ಲಿ ಪರೀಕ್ಷೆ ನಡೆಯಬೇಕಿತ್ತು. ಎರಡೂ ಇರಲಿಲ್ಲ. ರಕ್ತನಾಳಗಳಿಲ್ಲದ, ಉಸಿರಿನೊಡನೆ ಬರುವ ಸೂಕ್ಷ್ಮಜೀವಿಗಳಿಗೆ ಸದಾ ತೆರೆದಿರುವ ಪ್ಲಾಸ್ಟಿಕ್ಕಿನ ಮೇಲೆ ಕೋಶಗಳು ಜೀವಂತ ಒಳಪದರವಾಗಿ ಹೇಗೆ ನಿಂತಾವೆಂಬ ಪ್ರಶ್ನೆ, ಶರೀರಶಾಸ್ತ್ರದ ಸಾಮಾನ್ಯ ವಿದ್ಯಾರ್ಥಿಗೂ ಹೊಳೆಯುವಂಥದು. ಸಾವಿನ ಭಯದಲ್ಲಿರುವ ರೋಗಿ ‘ಚಿಕಿತ್ಸೆ’ ಎಂಬ ಮಾತಿಗೆ ನೀಡುವ ಒಪ್ಪಿಗೆಯೂ ‘ಪರೀಕ್ಷೆ’ ಎಂಬ ಮಾತಿಗೆ ನೀಡುವ ಒಪ್ಪಿಗೆಯೂ ಒಂದೇ ಅಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ದೋಷವನ್ನು ಕಂಡುಹಿಡಿದವರು ಪತ್ರಿಕೆಯ ಪರಿಶೀಲಕರಲ್ಲ. ಅದೇ ಆಸ್ಪತ್ರೆಯ ನಾಲ್ವರು ವೈದ್ಯರು ರೋಗಿಗಳ ದಾಖಲೆಗಳನ್ನು ಲೇಖನಗಳೊಡನೆ ಹೋಲಿಸಿ 2014ರಲ್ಲಿ ದೂರಿತ್ತರು. ಹೊರಗಿನಿಂದ ನಿಯುಕ್ತರಾದ ಪ್ರೊ. ಬೆಂಗ್ಟ್ ಗೆರ್ಡಿನ್ 2015ರಲ್ಲಿ ಸಂಶೋಧನಾ ಅಕ್ರಮವನ್ನು ಎತ್ತಿ ತೋರಿದರೂ ಸಂಸ್ಥೆಯ ಮುಖ್ಯಸ್ಥರು ಆ ವರ್ಷವೇ ಮಕಿಯಾರಿನಿಯವರನ್ನು ದೋಷಮುಕ್ತರೆಂದು ಸಾರಿದರು. (ವಿದ್ಯಾಸಂಸ್ಥೆಗಳಿಗೆ ತಮ್ಮ ಕೀರ್ತಿಯ ಮೇಲಿರುವ ಮಮತೆ ನಮಗೆ ಅಪರಿಚಿತವಲ್ಲ.) 2018ರಲ್ಲಿ ಅದೇ ಸಂಸ್ಥೆ ಅಕ್ರಮವನ್ನು ಒಪ್ಪಿಕೊಂಡಿತು, ‘ಲ್ಯಾನ್ಸೆಟ್’ ವರದಿಯನ್ನು ಹಿಂತೆಗೆದುಕೊಂಡಿತು. 2023ರ ಜೂನಿನಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯವು, ಈ ಶಸ್ತ್ರಕ್ರಿಯೆಗಳಿಲ್ಲದೆಯೂ ರೋಗಿಗಳು ಗಣನೀಯ ಕಾಲ ಬದುಕಬಹುದಿತ್ತೆಂದು ಕಂಡು, ಎರಡೂವರೆ ವರ್ಷಗಳ ಸೆರೆವಾಸವನ್ನು ವಿಧಿಸಿತು. ‘ಪ್ರಾಣಾಪಾಯ’ದ ವಾದ ಅಲ್ಲಿಗೆ ಬಿದ್ದುಹೋಯಿತು.

ಇದೆಲ್ಲಕ್ಕೂ ಪೂರ್ವಪೀಠಿಕೆಯಂತಿದ್ದುದು 2008ರ ಬಾರ್ಸಿಲೋನದ ಶ್ವಾಸನಾಳದ ಕಸಿ. ಅಲ್ಲಿ ಬಳಸಿದ್ದು ಮೃತದಾನಿಯ ನಾಳ. ಅದನ್ನು ಯಶಸ್ಸೆಂದು ಹೊಗಳಿದ ‘ಲ್ಯಾನ್ಸೆಟ್’ ಲೇಖನವೂ ಹಿಂತೆಗೆಯಲ್ಪಟ್ಟಿದೆ. ಆದರೆ ಅದು 2023ರ ಅಕ್ಟೋಬರಿನಲ್ಲಿ, ಹದಿನೈದು ವರ್ಷಗಳ ಮೇಲೆ.