ಯಾವ ದೋಷಕ್ಕೆ ರದ್ದತಿ?

ಗಣಕದ ದಾಖಲೆಯಲ್ಲಿ ಒಟ್ಟಾಗಿ ನಡೆಯಬೇಕಾದ ಬರವಣಿಗೆಗಳ ಗುಂಪಿಗೆ ‘ವ್ಯವಹಾರ’ವೆಂದು ಹೆಸರು. ಅದು ಪೂರ್ಣವಾಗಿ ನಿಲ್ಲಬೇಕು, ಇಲ್ಲವೆ ಪೂರ್ಣವಾಗಿ ಅಳಿಯಬೇಕು. ನಡುವೆ ದೋಷ ತಲೆದೋರಿದರೆ ಅಳಿಸುವುದು ಯಾವಾಗ ಎಂಬುದು ವಿವೇಚಿಸತಕ್ಕ ವಿಷಯ.

ಜಾವಾ ಭಾಷೆಯ ಸ್ಪ್ರಿಂಗ್ ಚೌಕಟ್ಟು, ಬೇರೆ ಸೂಚನೆಯಿಲ್ಲದಿದ್ದಲ್ಲಿ, ಪ್ರೋಗ್ರಾಮಿನಲ್ಲಿ ಮೊದಲೇ ಘೋಷಿಸಬೇಕಾದ ‘ಚೆಕ್ಡ್’ ದೋಷ ಬಂದರೆ ಅದುವರೆಗೆ ಬರೆದುದನ್ನು ಸ್ಥಿರಗೊಳಿಸುತ್ತದೆ. ಘೋಷಣೆ ಬೇಡದ ‘ಅನ್‌ಚೆಕ್ಡ್’ ದೋಷಕ್ಕೆ ಎಲ್ಲವನ್ನೂ ರದ್ದುಗೊಳಿಸುತ್ತದೆ. ಮುಂಗಂಡ ದೋಷವು ವ್ಯವಹಾರದ ಸಹಜ ಫಲಗಳಲ್ಲೊಂದೆಂಬುದು ಇದರ ಸಮರ್ಥನೆ. ಇದನ್ನು ನಾವು ಒಪ್ಪಲಾರೆವು. ಮುಂಗಾಣುವುದು ಬೇರೆ, ನಿರಪಾಯವಾಗುವುದು ಬೇರೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ರೈತರು ಬಲ್ಲ ಉತಾರವನ್ನೇ ನೋಡೋಣ. ‘ಭೂಮಿ’ ಯೋಜನೆಯಿಂದ ಅದು ಗಣಕಕ್ಕೇರಿದೆ. ರೈತನೊಬ್ಬನು ತನ್ನ 8 ಎಕರೆಯಲ್ಲಿ 3 ಎಕರೆ ಮಾರಿದನೆನ್ನೋಣ. ಅವನ ಹೆಸರಿನಲ್ಲಿ 5 ಎಕರೆ ಉಳಿದು, ಕೊಂಡವನ ಹೆಸರಿಗೆ 3 ಎಕರೆ ಏರಬೇಕು. ಮೊದಲನೆಯದನ್ನಷ್ಟೇ ಬರೆದು ಕೆಲಸ ನಿಂತರೆ 3 ಎಕರೆಗೆ ಒಡೆಯನೇ ಇಲ್ಲದಂತಾಗುವುದು. ಬೆಳೆಸಾಲ ಕೇಳಹೋದ ಕೊಂಡವನು ಬರಿಗೈಯಲ್ಲಿ ಮರಳುವನು. ದೋಷವನ್ನು ಘೋಷಿಸಿದ್ದರೂ ಇಲ್ಲದಿದ್ದರೂ ಇಲ್ಲಿ ರದ್ದತಿಯೇ ನ್ಯಾಯ. ಎರಡನ್ನೂ ಬರೆದಾದ ಮೇಲೆ ಮೊಬೈಲಿಗೆ ಸಂದೇಶ ಹೋಗಲಿಲ್ಲವೆಂದು ಖಾತೆ ಬದಲಾವಣೆಯನ್ನೇ ಅಳಿಸುವುದಾದರೋ ಅನ್ಯಾಯ. ಸಂದೇಶವನ್ನು ಮತ್ತೆ ಕಳುಹಿಸಿದರೆ ಸಾಕು.

ಸ್ಥಿರಗೊಂಡ ವ್ಯವಹಾರವನ್ನು ಮತ್ತೊಂದು ವ್ಯವಹಾರದಿಂದಲೇ ಸರಿಪಡಿಸಬೇಕೆಂದು ಜಿಮ್ ಗ್ರೇ 1981ರಲ್ಲಿಯೇ ವಿವರಿಸಿದ್ದಾರೆ. ಆದುದರಿಂದ ಸ್ಥಿರಗೊಳಿಸುವ ಮುನ್ನವೇ, ಉಳಿಯಲಿರುವ ದಾಖಲೆ ಸತ್ಯವೇ ಎಂದು ಕೇಳಬೇಕು. ಸತ್ಯವಲ್ಲದಿದ್ದರೆ ಅಳಿಸತಕ್ಕದ್ದು. ದೋಷದ ಜಾತಿಯಿಂದ ಈ ಪ್ರಶ್ನೆಗೆ ಉತ್ತರ ದೊರೆಯದೆಂಬುದು ನಮ್ಮ ಮತ.