ಹದಿನೈದು ನಿಮಿಷ, ಏಳು ವರ್ಷ

"ಹಡಗನ್ನು ಬಿಟ್ಟುಕೊಡಬೇಡಿ." ಬ್ರಿಟನ್ ಜೊತೆಗಿನ ಯುದ್ಧದಲ್ಲಿ, 1813ರ ಜೂನ್ 1ರಂದು ಬಾಸ್ಟನ್ ಹೊರಗಿನ ಕಡಲಿನಲ್ಲಿ ನಡೆದ ಫ್ರಿಗೇಟ್ ಕಾಳಗದಿಂದ ಅಮೆರಿಕನ್ನರು ಉಳಿಸಿಕೊಂಡದ್ದು ಈ ಮಾತನ್ನು. ಮಾರಕವಾಗಿ ಗಾಯಗೊಂಡ ಅಮೆರಿಕದ 'ಚೆಸಪೀಕ್' ಹಡಗಿನ ಕಪ್ತಾನ ಜೇಮ್ಸ್ ಲಾರೆನ್ಸ್, ತನ್ನನ್ನು ಕೆಳಗೆ ಹೊತ್ತೊಯ್ಯುವಾಗ ಹೇಳಿದನಂತೆ. ಹಡಗು ಹೋಯಿತು, ಹದಿನೈದು ನಿಮಿಷದೊಳಗೆ ಬ್ರಿಟಿಷರ 'ಶಾನನ್' ಅದನ್ನು ಕೈವಶ ಮಾಡಿಕೊಂಡಿತು. ಮೂರು ತಿಂಗಳ ಬಳಿಕ ಅಮೆರಿಕದ ಇನ್ನೊಬ್ಬ ನೌಕಾಧಿಕಾರಿ ಆಲಿವರ್ ಪೆರಿ ಅದೇ ಮಾತಿನ ಬಾವುಟ ಹಾರಿಸಿ ಈರಿ ಸರೋವರದಲ್ಲಿ ಕಾದಿದ. ನುಚ್ಚುನೂರಾದ ತನ್ನ ಹಡಗನ್ನು (ಅದರ ಹೆಸರೂ 'ಲಾರೆನ್ಸ್'!) ಬಿಟ್ಟು, ಇನ್ನೊಂದನ್ನು ಹತ್ತಿ ಗೆದ್ದ. ಘೋಷಣೆಗಳ ಹಣೆಬರಹವೇ ಅಷ್ಟು.

ನನ್ನ ಕಣ್ಣು ಹೋಗುವುದು ಶಾನನ್‌ನ ಫಿರಂಗಿಗಳ ಹಿಂದಿನ ಹಲಗೆಯ ಕಡೆಗೆ. ಕಪ್ತಾನ ಫಿಲಿಪ್ ಬ್ರೋಕ್ ಅಲ್ಲಿ ಡಿಗ್ರಿಗಳ ಗೆರೆ ಕೊರೆಸಿದ್ದ. ಹೊಗೆಯಲ್ಲಿ ಶತ್ರು ಕಾಣದಿದ್ದರೂ ಸರಿ, ಹೇಳಿದ ಗೆರೆಗೆ ಫಿರಂಗಿ ತಿರುಗಿಸಿದರೆ ಎಲ್ಲ ಗುಂಡುಗಳೂ ಒಂದೇ ಕಡೆ ಬೀಳಬೇಕು. ಗುರಿ ನೋಡುವ ಸಾಧನಗಳಿಗೆ ಸ್ವಂತ ಹಣ ಸುರಿದ. ಪೀಪಾಯಿ ತೇಲಿಬಿಟ್ಟು ಹೊಡೆಸುತ್ತಿದ್ದ. ಗುರಿ ಮುಟ್ಟಿದವರಿಗೆ ಹೊಗೆಸೊಪ್ಪಿನ ಬಹುಮಾನ. 1806ರಿಂದ ಏಳು ವರ್ಷ ಇದೇ ಕೆಲಸ. ಬೇಗ ಬೇಗ ಹೊಡೆಯುವುದನ್ನೇ ಜಾಣತನವೆಂದುಕೊಂಡಿದ್ದ ನೌಕಾಪಡೆಯಲ್ಲಿ ಇದು ಅಪರೂಪ. ಹೀಗಾಗಿ ಮೊದಲ ಕೆಲವು ನಿಮಿಷಗಳಲ್ಲೇ ಚೆಸಪೀಕ್‌ನ ಚುಕ್ಕಾಣಿ ಹಿಡಿದವರು ಸತ್ತು ಬಿದ್ದರು, ಚಕ್ರ ಪುಡಿಯಾಯಿತು. ಹೇಳುವವರು ಕೇಳುವವರಿಲ್ಲದ ಹಡಗು ಹಿಂದಕ್ಕೆ ತೇಲಿ ಶಾನನ್‌ಗೇ ಬಂದು ತಗುಲಿಕೊಂಡಿತು.

ಲಾರೆನ್ಸ್ ಆ ಹಡಗಿಗೆ ಬಂದು ತಿಂಗಳೂ ಆಗಿರಲಿಲ್ಲ. ಶಾನನ್‌ನ ಹಿಂಬದಿಯನ್ನು ಅಡ್ಡ ಹಾಯ್ದು ಅದರ ಉದ್ದಕ್ಕೂ ಗುಂಡು ಹರಿಸುವ ಅವಕಾಶ ಅವನಿಗಿತ್ತು. ಅದನ್ನು ಬಿಟ್ಟು ಪಕ್ಕಕ್ಕೆ ಬಂದು ಸಮನಾಗಿ ನಿಂತ. ಇದನ್ನು ಉದಾತ್ತತೆ ಎಂದು ಕೊಂಡಾಡಿದವರಿದ್ದಾರೆ. ನೂರಾರು ಜನರ ಪ್ರಾಣ ಕೈಯಲ್ಲಿಟ್ಟುಕೊಂಡವನಿಗೆ ಈ ಶೋಕಿ ಸಲ್ಲದು.

ಬ್ರೋಕ್‌ಗೂ ಆ ಹುಚ್ಚು ಇಲ್ಲದಿರಲಿಲ್ಲ. ಜೊತೆಗಿದ್ದ 'ಟೆನೆಡೋಸ್' ಫ್ರಿಗೇಟನ್ನು ದೂರ ಕಳಿಸಿ, ಒಂಟಿ ಕಾಳಗಕ್ಕೆ ಬಾ ಎಂದು ಲಾರೆನ್ಸ್‌ಗೆ ಪತ್ರ ಬರೆದಿದ್ದ. ಪತ್ರ ಕೈಸೇರುವ ಮೊದಲೇ ಲಾರೆನ್ಸ್ ಹೊರಟಿದ್ದ ಅನ್ನಿ. ಕಾವಲಿಗೆ ಬಂದ ಬ್ರೋಕ್ ಎರಡು ಹಡಗುಗಳಿಂದ ಬಂದರಿನ ಬಾಯಿ ಕಟ್ಟಿದ್ದರೆ ಸಾಕಿತ್ತು. ಎರಡೂ ಕಡೆ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎದುರಾಳಿ ಹಡಗಿಗೆ ತಾನೇ ನುಗ್ಗಿದ ಬ್ರೋಕ್‌ಗೆ ತಲೆಬುರುಡೆ ಸೀಳುವಂಥ ಏಟು ಬಿತ್ತು. ಬದುಕಿಕೊಂಡ, ಆದರೆ ಮತ್ತೆಂದೂ ಯುದ್ಧಕ್ಕೆ ಹಡಗು ನಡೆಸಲಿಲ್ಲ. ಸರ್ಕಾರ ಅವನಿಗೆ ಬ್ಯಾರೊನೆಟ್ ಪದವಿಯನ್ನೇನೋ ಬೇಗ ಕೊಟ್ಟಿತು. ಗುರಿಯಿಟ್ಟು ಹೊಡೆಯುವುದನ್ನು ಕ್ರಮವಾಗಿ ಕಲಿಸಲು ಪೋರ್ಟ್ಸ್‌ಮತ್‌ನಲ್ಲಿ 'ಎಕ್ಸಲೆಂಟ್' ಫಿರಂಗಿ ಶಾಲೆ ಶುರುವಾದದ್ದು ಮಾತ್ರ 1830ರಲ್ಲಿ.